ಮನೆಗೆ ಹೊರಡುವ ಮುನ್ನ ನಡಿಗೆಯ ಮಾತು ಕೇಳಿ

(ರೋಗಿಗಳು ಮತ್ತು ಅವರ ಜೊತೆಗಿರುವ ಬಂಧುಗಳಿಗಾಗಿ ಏರ್ಪಡಿಸಿದ್ದ ಆರೋಗ್ಯ ಶಿಕ್ಷಣ ಕಾರ್ಯಕ್ರಮದಲ್ಲಿ ನಮ್ಮ ಆಸ್ಪತ್ರೆಯ ನರ್ಸಿಂಗ್ ಬೋಧಕಿಯವರು ನೀಡಿದ ಉಪನ್ಯಾಸ)



ಹಿರಿಯರೇ, ತಾಯಂದಿರೇ, ಅಣ್ಣಂದಿರೇ, ಅಕ್ಕಂದಿರೇ, ಇವತ್ತಿನ ವಿಷಯ ಗುಳಿಗೆ, ಇಂಜೆಕ್ಷನ್‌ಗಳದ್ದಲ್ಲ. ಆಪರೇಷನ್ ಮುಗಿದು, ಗಾಯ ಒಣಗಿದ ಮೇಲೆ ಮನುಷ್ಯ ಮತ್ತೆ ಎದ್ದು ನಿಂತು, ನಾಲ್ಕು ಹೆಜ್ಜೆ ನಡೆದು, ತನ್ನ ಕೆಲಸ ತಾನು ಮಾಡಿಕೊಳ್ಳುವುದು ಹೇಗೆ ಎಂಬುದೇ ಇವತ್ತಿನ ವಿಷಯ. ಇದಕ್ಕೆ ಪುನಶ್ಚೇತನ ಚಿಕಿತ್ಸೆ ಎನ್ನುತ್ತೇವೆ. ವ್ಯಾಯಾಮ, ನಡಿಗೆಯ ತರಬೇತಿ, ಕೃತಕ ಕಾಲು, ಊರುಗೋಲು, ಗಾಲಿಕುರ್ಚಿ, ಸಕ್ಕರೆ ಕಾಯಿಲೆಯವರ ಮೆತ್ತನೆಯ ಚಪ್ಪಲಿ ಎಲ್ಲವೂ ಇದರಲ್ಲಿ ಸೇರುತ್ತವೆ.

2011ರ ಜನಗಣತಿಯ ಪ್ರಕಾರ ನಮ್ಮ ದೇಶದಲ್ಲಿ 2 ಕೋಟಿ 68 ಲಕ್ಷ ಅಂಗವಿಕಲರಿದ್ದರು. ಕರ್ನಾಟಕ ಒಂದರಲ್ಲೇ 13 ಲಕ್ಷಕ್ಕೂ ಹೆಚ್ಚು ಜನ. ವಿಶ್ವ ಆರೋಗ್ಯ ಸಂಸ್ಥೆ ಮತ್ತು ಯುನಿಸೆಫ್ 2022ರಲ್ಲಿ ಹೊರತಂದ ವರದಿ ಹೇಳುವಂತೆ, ಜಗತ್ತಿನಲ್ಲಿ 250 ಕೋಟಿಗೂ ಹೆಚ್ಚು ಜನರಿಗೆ ಕನ್ನಡಕ, ಶ್ರವಣ ಸಾಧನ, ಗಾಲಿಕುರ್ಚಿ, ಕೃತಕ ಕಾಲು ಇಂಥ ಒಂದಲ್ಲ ಒಂದು ಸಾಧನ ಬೇಕಾಗಿದೆ. ಅವರಲ್ಲಿ ಸುಮಾರು 100 ಕೋಟಿ ಜನರಿಗೆ ಅದು ಸಿಗುತ್ತಿಲ್ಲ. ಹಣವಿಲ್ಲದ್ದು ಒಂದು ಕಾರಣ. ಎಲ್ಲಿ ಸಿಗುತ್ತದೆ, ಯಾವಾಗ ಕೇಳಬೇಕು, ಅದಕ್ಕೆ ಮೊದಲು ದೇಹವನ್ನು ಹೇಗೆ ಸಿದ್ಧ ಮಾಡಿಕೊಳ್ಳಬೇಕು ಎಂದು ಯಾರೂ ತಿಳಿಸದೇ ಇರುವುದು ಅಷ್ಟೇ ದೊಡ್ಡ ಕಾರಣ. ಆ ತಿಳಿವಳಿಕೆಯನ್ನು ನೀವು ಈ ಆಸ್ಪತ್ರೆಯ ಬಾಗಿಲು ದಾಟುವ ಮೊದಲೇ ಕೊಡಬೇಕೆಂಬುದು ನನ್ನ ಉದ್ದೇಶ.

ಕಾಲು ತೆಗೆದವರ ವಿಷಯವನ್ನೇ ಹೆಚ್ಚಾಗಿ ಹೇಳುತ್ತೇನೆ. ಸಕ್ಕರೆ ಕಾಯಿಲೆಯಿಂದ ಪಾದ ಕೊಳೆತವರು, ಬೈಕು ಟ್ರ್ಯಾಕ್ಟರ್ ಅಪಘಾತಕ್ಕೆ ಸಿಕ್ಕವರು ನಮ್ಮ ವಾರ್ಡುಗಳಲ್ಲಿ ಯಾವಾಗಲೂ ಇರುತ್ತಾರೆ. ಅವರ ಜೊತೆಗೆ ಬಂದವರು ಕೇಳುವ ಮೊದಲ ಪ್ರಶ್ನೆ, "ಸಿಸ್ಟರ್, ಇನ್ನ ಇವರ ಜೀವನ ಮುಗೀತೇನ್ರೀ?" ಎಂದು. ಮುಗಿದಿಲ್ಲ. ಆದರೆ ಮುಂದಿನ ಎರಡು ತಿಂಗಳು ನೀವು ಮನೆಯಲ್ಲಿ ಏನು ಮಾಡುತ್ತೀರಿ ಎಂಬುದರ ಮೇಲೆ ಬಹಳಷ್ಟು ನಿಂತಿದೆ.

ಪ್ರೀತಿಯಿಂದ ಇಟ್ಟ ದಿಂಬು

ಸುಮಾರು ನಲವತ್ತೈದು ವರ್ಷದ ಒಬ್ಬ ರೈತರು ನಮ್ಮಲ್ಲಿಗೆ ಬಂದಿದ್ದರು. ಮೊಣಕಾಲಿನ ಕೆಳಗೆ ಕಾಲು ತೆಗೆದು ನಾಲ್ಕು ತಿಂಗಳಾಗಿತ್ತು. ಗಾಯ ಚೆನ್ನಾಗಿ ಒಣಗಿತ್ತು. "ಇಲ್ಲಿ ಕಾಲಿಗೆ ದಾರಿ ತೋರಸ್ತಾರಂತ ಹೇಳಿದ್ರು, ಅದಕ್ಕ ಬಂದೀವ್ರಿ" ಎಂದರು ಅವರ ತಾಯಿ. ಆದರೆ ಅವರ ಮೊಣಕಾಲು ಮಡಚಿದಲ್ಲೇ ಬಿಗಿದುಕೊಂಡಿತ್ತು. ನೇರ ಮಾಡಲು ಹೋದರೆ ಜೀವ ಹೋಗುವಷ್ಟು ನೋವು. ವಿಚಾರಿಸಿದಾಗ ಗೊತ್ತಾಯಿತು: ಮಗನಿಗೆ ಕಾಲು ನೋಯಬಾರದೆಂದು ಆ ತಾಯಿ ನಾಲ್ಕು ತಿಂಗಳೂ ಮೊಣಕಾಲಿನ ಕೆಳಗೆ ಮೆತ್ತನೆಯ ದಿಂಬು ಇಟ್ಟು ಮಲಗಿಸಿದ್ದರು. ಆ ತಾಯಿಯ ಪ್ರೀತಿಯಲ್ಲಿ ಕೊರತೆಯೇನೂ ಇರಲಿಲ್ಲ. ದಿಂಬು ಇಡಬಾರದೆಂದು ಅವರಿಗೆ ಯಾರೂ ಹೇಳಿರಲಿಲ್ಲ, ಅಷ್ಟೇ.

ಮಡಚಿಕೊಂಡೇ ಇರುವ ಕೀಲಿನ ಸುತ್ತಲಿನ ಸ್ನಾಯುಗಳು ಗಿಡ್ಡಾಗುತ್ತವೆ. ವಾರ ಕಳೆದಂತೆ ಕೀಲು ಬಿಗಿಯುತ್ತದೆ. ಕೃತಕ ಕಾಲು ಹಾಕಿ ನಿಲ್ಲಬೇಕಾದರೆ ಸೊಂಟದ ಕೀಲೂ ಮೊಣಕಾಲೂ ನೇರವಾಗಬೇಕು. ಬಿಗಿದ ಕೀಲಿಗೆ ಕೃತಕ ಕಾಲು ಸರಿಯಾಗಿ ಕೂಡುವುದಿಲ್ಲ, ಕೂಡಿಸಿದರೂ ನಡೆಯಲು ಆಗುವುದಿಲ್ಲ. ಆ ರೈತರು ಫಿಜಿಯೋಥೆರಪಿಸ್ಟ್ ಹೇಳಿದಂತೆ ಮೂರು ತಿಂಗಳು ದಿನವೂ ವ್ಯಾಯಾಮ ಮಾಡಿ, ಆಮೇಲೆ ಅಳತೆ ಕೊಟ್ಟು ಕಾಲು ಹಾಕಿಸಿಕೊಂಡರು. ಆ ಮೂರು ತಿಂಗಳ ಕೂಲಿ, ಬಸ್ ಖರ್ಚು, ನೋವು ಎಲ್ಲವನ್ನೂ ತಪ್ಪಿಸಬಹುದಿತ್ತು.

ಆದ್ದರಿಂದ ಮೊಣಕಾಲಿನ ಕೆಳಗೆ ಕಾಲು ತೆಗೆದವರ ಮನೆಯವರು ಇವನ್ನು ನೆನಪಿಡಿ:

1. ಉಳಿದ ಕಾಲಿನ ಕೆಳಗಾಗಲಿ, ಎರಡು ತೊಡೆಗಳ ನಡುವೆಯಾಗಲಿ ದಿಂಬು ಇಡಬೇಡಿ. ಮೊಣಕಾಲು ನೇರವಾಗಿರಲಿ.

2. ಮಂಚದ ಅಂಚಿನಿಂದ ಕಾಲನ್ನು ಇಳಿಬಿಟ್ಟು ಬಹಳ ಹೊತ್ತು ಕೂರಿಸಬೇಡಿ. ಕುರ್ಚಿಯಲ್ಲಿ ಕೂತಾಗ ಕೆಳಗೊಂದು ಹಲಗೆ ಇಟ್ಟು ಮೊಣಕಾಲನ್ನು ನೇರವಾಗಿ ಚಾಚಿಸಿ.

3. ವೈದ್ಯರು ಒಪ್ಪಿದರೆ ದಿನಕ್ಕೆ ಎರಡು ಮೂರು ಸಲ, ಹದಿನೈದು ಇಪ್ಪತ್ತು ನಿಮಿಷ ಬೋರಲಾಗಿ, ಅಂದರೆ ಹೊಟ್ಟೆ ಕೆಳಗೆ ಮಾಡಿ ಮಲಗಿಸಿ. ಸೊಂಟದ ಕೀಲು ಬಿಗಿಯದಂತೆ ಇದು ಕಾಯುತ್ತದೆ. ಹೃದಯದ ತೊಂದರೆ, ಉಬ್ಬಸ ಇದ್ದವರು ಕೇಳದೆ ಹೀಗೆ ಮಲಗಬಾರದು.

4. ಫಿಜಿಯೋಥೆರಪಿಸ್ಟ್ ಕಲಿಸಿದ ವ್ಯಾಯಾಮವನ್ನು ಮನೆಯಲ್ಲಿಯೂ ದಿನ ತಪ್ಪದೆ ಮಾಡಿಸಿ. ಕಾಲಿಗೆ ಮಾತ್ರವಲ್ಲ, ಕೈ ಮತ್ತು ತೋಳಿಗೂ ಬಲ ಬೇಕು. ಊರುಗೋಲು ಹಿಡಿಯುವುದು ಕೈಗಳೇ ತಾನೆ?

ಬ್ಯಾಂಡೇಜ್ ಕಟ್ಟುವ ಕಲೆ

ಕಾಲು ತೆಗೆದ ಜಾಗ ಮೊದಲ ವಾರಗಳಲ್ಲಿ ಬಾವು ಬಂದು ದಪ್ಪವಾಗಿರುತ್ತದೆ. ಬಾವು ಇಳಿದು, ತುದಿ ಒಳ್ಳೆಯ ಆಕಾರಕ್ಕೆ ಬಂದರೆ ಕೃತಕ ಕಾಲಿನ ಬಟ್ಟಲು ಸರಿಯಾಗಿ ಕೂಡುತ್ತದೆ. ಅದಕ್ಕಾಗಿ ಕ್ರೇಪ್ ಬ್ಯಾಂಡೇಜ್ ಕಟ್ಟುತ್ತೇವೆ. ಇದನ್ನು ಬಳೆಯಂತೆ ಸುತ್ತಬಾರದು. ಹಾಗೆ ಸುತ್ತಿದರೆ ದಾರ ಬಿಗಿದಂತಾಗಿ ಕೆಳಗೆ ರಕ್ತ ಓಡುವುದು ನಿಲ್ಲುತ್ತದೆ. 8ರ ಅಂಕಿಯ ಆಕಾರದಲ್ಲಿ ಓರೆಯಾಗಿ ಸುತ್ತಬೇಕು. ತುದಿಯಲ್ಲಿ ಸ್ವಲ್ಪ ಬಿಗಿ, ಮೇಲೆ ಹೋದಂತೆ ಸಡಿಲ. ನಾಲ್ಕರಿಂದ ಆರು ತಾಸಿಗೊಮ್ಮೆ ಬಿಚ್ಚಿ, ಚರ್ಮ ನೋಡಿ, ಮತ್ತೆ ಕಟ್ಟಬೇಕು. ಒಳಗೆ ದಬದಬ ಬಡಿಯುವ ನೋವು ಬಂದರೆ, ಚರ್ಮ ನೀಲಿಯಾದರೆ, ತಣ್ಣಗಾದರೆ ಕೂಡಲೇ ಬಿಚ್ಚಿಬಿಡಿ. ರಕ್ತನಾಳಗಳು ಕಟ್ಟಿಕೊಂಡಿರುವವರಿಗೆ ಈ ಬ್ಯಾಂಡೇಜ್ ಕಟ್ಟಬಹುದೇ ಇಲ್ಲವೇ ಎಂದು ವೈದ್ಯರೇ ಹೇಳಬೇಕು.

ಇದು ಬಾಯಿಮಾತಿನಲ್ಲಿ ಬರುವ ವಿದ್ಯೆಯಲ್ಲ. ಡಿಸ್ಚಾರ್ಜ್‌ಗೆ ಎರಡು ದಿನ ಮೊದಲೇ ಸಿಸ್ಟರ್ ಹತ್ತಿರ ಬನ್ನಿ. ಒಮ್ಮೆ ಅವರು ಕಟ್ಟಿ ತೋರಿಸಲಿ, ಎರಡನೆಯ ಸಲ ನೀವು ಕಟ್ಟಿ ತೋರಿಸಿ. ಮನೆಯಿಂದ ಒಬ್ಬರಲ್ಲ, ಇಬ್ಬರು ಕಲಿಯಿರಿ. ಕಲಿತ ಮಗಳು ಗಂಡನ ಮನೆಗೆ ಹೋದರೆ ಕಟ್ಟುವವರು ಯಾರು?

ಇಲ್ಲದ ಪಾದ ತುರಿಸುವುದು

ಕಾಲು ತೆಗೆದ ಮೇಲೂ "ಹೆಬ್ಬೆರಳು ಉರಿಯುತ್ತದೆ, ಅಂಗಾಲು ತುರಿಸುತ್ತದೆ" ಎಂದು ರೋಗಿ ಹೇಳುವುದುಂಟು. ಮನೆಯವರು ಹೆದರುತ್ತಾರೆ. ತಲೆ ಕೆಟ್ಟಿತೆಂದು, ಗಾಳಿ ಸೋಕಿತೆಂದು ತಿಳಿದು ಚೀಟಿ ತಾಯಿತ ಕಟ್ಟಿಸುವವರೂ ಇದ್ದಾರೆ. ಇದು ಅದ್ಯಾವುದೂ ಅಲ್ಲ. ಕಾಲು ಹೋದರೂ ಆ ಕಾಲಿನ ಸುದ್ದಿ ತಿಳಿಯುತ್ತಿದ್ದ ಮೆದುಳಿನ ಭಾಗ ಹಾಗೆಯೇ ಇದೆ, ಕತ್ತರಿಸಿದ ನರಗಳಿಂದಲೂ ಸಂದೇಶ ಹೋಗುತ್ತಿರುತ್ತದೆ. ಬಹಳಷ್ಟು ಜನರಿಗೆ ಇದು ಆಗುತ್ತದೆ. ಇದಕ್ಕೆ ಔಷಧಿಯಿದೆ. ಭಾರತದಲ್ಲಿ ಹುಟ್ಟಿ ಅಮೆರಿಕದಲ್ಲಿ ನೆಲೆಸಿದ ನರವಿಜ್ಞಾನಿ ವಿ.ಎಸ್. ರಾಮಚಂದ್ರನ್ ಅವರು 1990ರ ದಶಕದಲ್ಲಿ ಕನ್ನಡಿಯ ಮುಂದೆ ಒಳ್ಳೆಯ ಅಂಗವನ್ನು ಆಡಿಸುವ ಒಂದು ಸರಳ ವಿಧಾನವನ್ನು ರೂಪಿಸಿದರು. ಕೆಲವರಿಗೆ ಅದರಿಂದಲೂ ನೋವು ಕಡಿಮೆಯಾಗುತ್ತದೆ. ರೋಗಿ ಹೇಳಿದರೆ ನಗಬೇಡಿ, ಗದರಬೇಡಿ. ನಮಗೆ ತಿಳಿಸಿ.

ಸಕ್ಕರೆ ಕಾಯಿಲೆಯಿದ್ದವರಿಗೆ ಇನ್ನೊಂದು ಮಾತು. ಉಳಿದಿರುವ ಒಂದು ಪಾದ ಈಗ ಎರಡು ಪಾದಗಳ ಭಾರ ಹೊರಬೇಕು. ದಿನವೂ ರಾತ್ರಿ ಅದರ ಅಂಗಾಲು, ಬೆರಳ ಸಂದು ನೋಡಿ. ಸ್ಪರ್ಶ ಕಡಿಮೆಯಾದ ಪಾದಕ್ಕೆ ಬರಿಗಾಲು ಶತ್ರು. ಎಂ.ಸಿ.ಆರ್. ಎಂಬ ಮೆತ್ತನೆಯ ರಬ್ಬರಿನ ಚಪ್ಪಲಿ ಹಾಕಿ, ಮನೆಯೊಳಗೂ ಹಾಕಿ. ಇಂಥ ಒಂದು ಜೊತೆ ಚಪ್ಪಲಿ ಎಷ್ಟೋ ಜನರ ಎರಡನೆಯ ಕಾಲನ್ನು ಉಳಿಸಬಲ್ಲದು.

ಜೈಪುರದ ಕಾಲು ಹಳ್ಳಿಗೆ ಬಂದದ್ದು ಹೇಗೆ?

ಈಗ ಕೃತಕ ಕಾಲಿನ ವಿಷಯಕ್ಕೆ ಬರೋಣ. ಜೈಪುರ ಕಾಲಿನ ಹೆಸರನ್ನು ನೀವೆಲ್ಲ ಕೇಳಿರುತ್ತೀರಿ. 1968ರ ಸುಮಾರಿಗೆ ಜೈಪುರದ ಸವಾಯಿ ಮಾನ್ ಸಿಂಗ್ ಆಸ್ಪತ್ರೆಯಲ್ಲಿ ಮೂಳೆ ತಜ್ಞ ಡಾ. ಪಿ.ಕೆ. ಸೇಠಿ ಮತ್ತು ಕುಶಲಕರ್ಮಿ ರಾಮಚಂದ್ರ ಶರ್ಮಾ ಸೇರಿ ಇದನ್ನು ಮಾಡಿದರು. ಅದಕ್ಕಿಂತ ಮೊದಲು ಸಿಗುತ್ತಿದ್ದ ಹೊರದೇಶದ ಮಾದರಿಯ ಕಾಲುಗಳಿಗೆ ಬೂಟು ಹಾಕಲೇಬೇಕಿತ್ತು. ಹೊಲದ ಕೆಸರಿಗೆ ಇಳಿಯುವ, ನೆಲದ ಮೇಲೆ ಕೂರುವ, ಗುಡಿಗೆ ಬರಿಗಾಲಲ್ಲಿ ಹೋಗುವ ನಮ್ಮ ಜನ ಅದನ್ನು ಬಿಚ್ಚಿಟ್ಟು ಮತ್ತೆ ಊರುಗೋಲು ಹಿಡಿಯುತ್ತಿದ್ದರು. ಜೈಪುರ ಪಾದ ರಬ್ಬರಿನದು. ನೀರು ತಾಗಿದರೆ ಕೆಡುವುದಿಲ್ಲ. ಬರಿಗಾಲಲ್ಲಿ ನಡೆಯಬಹುದು, ಚಪ್ಪಲಿ ಹಾಕಬಹುದು, ಕುಕ್ಕರುಗಾಲಲ್ಲಿ ಕೂರಬಹುದು. ಡಾ. ಸೇಠಿಯವರಿಗೆ 1981ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂತು.

ಇಲ್ಲಿ ನಾವು ಕಲಿಯಬೇಕಾದದ್ದು ಬೇರೆಯೇ ಇದೆ. ಅಂಥ ಒಳ್ಳೆಯ ಕಾಲು ಸಿದ್ಧವಾದರೂ ಮೊದಲ ಏಳು ವರ್ಷಗಳಲ್ಲಿ ಅದು ದೊರೆತದ್ದು ನೂರು ಜನಕ್ಕಿಂತ ಕಡಿಮೆ. 1975ರಲ್ಲಿ ಡಿ.ಆರ್. ಮೆಹ್ತಾ ಎಂಬ ಅಧಿಕಾರಿ ಜೈಪುರದಲ್ಲಿ ಭಗವಾನ್ ಮಹಾವೀರ ವಿಕಲಾಂಗ ಸಹಾಯತಾ ಸಮಿತಿಯನ್ನು ಸ್ಥಾಪಿಸಿದರು. ಸ್ವತಃ ಅಪಘಾತದಲ್ಲಿ ಕಾಲು ಕಳೆದುಕೊಳ್ಳುವ ಸ್ಥಿತಿ ತಲುಪಿ ಉಳಿದುಕೊಂಡವರು ಅವರು. ಆ ಸಮಿತಿ ಕಾಲನ್ನು ಉಚಿತವಾಗಿ ಕೊಟ್ಟಿತು. ಅಷ್ಟೇ ಅಲ್ಲ, ರೋಗಿ ಯಾವ ಹೊತ್ತಿಗೆ ಬಂದರೂ ಒಳಗೆ ಕರೆದು, ರೋಗಿಗೂ ಜೊತೆಗೆ ಬಂದವರಿಗೂ ಊಟ, ವಸತಿ ಕೊಟ್ಟು, ಆದಷ್ಟು ಬೇಗ ಕಾಲು ಕೂಡಿಸಿ ಕಳುಹಿಸುವ ಪದ್ಧತಿ ಹಾಕಿತು. ಅಲ್ಲಿಂದ ಲಕ್ಷಾಂತರ ಜನರಿಗೆ ಕಾಲು ತಲುಪಿತು. ಕಾಲು ಅದೇ, ರಬ್ಬರು ಅದೇ. ಬದಲಾದದ್ದು ಬಡವನಿಗೆ ಅದು ತಲುಪುವ ದಾರಿ.

ನಮ್ಮ ಕಡೆ ಹುಬ್ಬಳ್ಳಿಯ ಮಹಾವೀರ ಲಿಂಬ್ ಸೆಂಟರ್ ಜೈಪುರ ಕಾಲು ಕೂಡಿಸುವ ಕೆಲಸ ಮಾಡುತ್ತಿದೆ. ಬೆಂಗಳೂರಿನಲ್ಲಿ 1959ರಲ್ಲಿ ಆರಂಭವಾದ ಅಂಗವಿಕಲರ ಸಂಸ್ಥೆ ಎ.ಪಿ.ಡಿ., 1994ರಲ್ಲಿ ಆರಂಭವಾದ ಮೊಬಿಲಿಟಿ ಇಂಡಿಯಾ ಸಂಸ್ಥೆಗಳು ಸಾಧನ ಮತ್ತು ತರಬೇತಿ ಎರಡನ್ನೂ ಕೊಡುತ್ತವೆ. ಕೇಂದ್ರ ಸರ್ಕಾರದ್ದೇ ಆದ ಅಲಿಮ್ಕೊ ಎಂಬ ಕಾರ್ಖಾನೆ ಕಾನ್ಪುರದಲ್ಲಿದೆ. ಸರ್ಕಾರಿ ಶಿಬಿರಗಳಲ್ಲಿ ಹಂಚುವ ತ್ರಿಚಕ್ರ ವಾಹನ, ಗಾಲಿಕುರ್ಚಿ, ಊರುಗೋಲುಗಳಲ್ಲಿ ಹೆಚ್ಚಿನವು ಅಲ್ಲಿಯವೇ.

ಗಾಯ ಪೂರ್ತಿ ಒಣಗಿ, ಬಾವು ಇಳಿದ ಮೇಲೆ ಅಳತೆ ತೆಗೆಯುತ್ತಾರೆ. ಸಾಮಾನ್ಯವಾಗಿ ಆಪರೇಷನ್ ಆಗಿ ಆರರಿಂದ ಎಂಟು ವಾರ ಬೇಕು, ಸಕ್ಕರೆ ಕಾಯಿಲೆಯಿದ್ದರೆ ಇನ್ನೂ ಹೆಚ್ಚು. ಕಾಲು ಕೈಗೆ ಬಂದ ದಿನವೇ ಹೊಲಕ್ಕೆ ಹೊರಡಬೇಡಿ. ಮೊದಲ ದಿನ ಅರ್ಧ ತಾಸು ಹಾಕಿ, ಬಿಚ್ಚಿ, ಚರ್ಮ ನೋಡಿ. ಕೆಂಪಾದ ಜಾಗ ಹತ್ತು ಹದಿನೈದು ನಿಮಿಷದಲ್ಲಿ ಮಾಯವಾದರೆ ಸರಿ. ಮಾಯವಾಗದಿದ್ದರೆ, ಬೊಬ್ಬೆ ಬಂದರೆ, ಕಾಲು ಹಾಕುವುದನ್ನು ನಿಲ್ಲಿಸಿ ಕೂಡಿಸಿದವರ ಹತ್ತಿರ ಹೋಗಿ. ದಿನದಿನಕ್ಕೆ ಸ್ವಲ್ಪ ಸ್ವಲ್ಪ ಹೊತ್ತು ಹೆಚ್ಚಿಸಿ. ಒಳಗೆ ಹಾಕುವ ಹತ್ತಿಯ ಕಾಲುಚೀಲವನ್ನು ದಿನವೂ ಒಗೆದು ಒಣಗಿಸಿ. ರಾತ್ರಿ ಮಲಗುವಾಗ ಕಾಲು ಬಿಚ್ಚಿಡಿ.

ಊರುಗೋಲಿಗೂ ಅಳತೆಯಿದೆ

ಅಜ್ಜ ಬಿಟ್ಟು ಹೋದ ಊರುಗೋಲನ್ನು ಮೊಮ್ಮಗ ಹಿಡಿಯುವುದನ್ನು ನಾವು ನೋಡುತ್ತೇವೆ. ಅಂಗಿಗೆ ಅಳತೆ ಇದ್ದಂತೆ ಊರುಗೋಲಿಗೂ ಇದೆ. ಕಂಕುಳಿನ ಊರುಗೋಲು ಹಿಡಿದು ನೇರ ನಿಂತಾಗ ಅದರ ಮೇಲಿನ ತುದಿಗೂ ಕಂಕುಳಿಗೂ ಎರಡು ಮೂರು ಬೆರಳಿನ ಅಂತರ ಇರಬೇಕು. ಕೈ ಹಿಡಿ ಸೊಂಟದ ಹತ್ತಿರ ಬರಬೇಕು, ಮೊಣಕೈ ಸ್ವಲ್ಪ ಬಾಗಿರಬೇಕು. ಭಾರವನ್ನು ಅಂಗೈಯ ಮೇಲೆ ಹಾಕಬೇಕು, ಕಂಕುಳಿನ ಮೇಲೆ ಜೋತು ಬೀಳಬಾರದು. ಹಾಗೆ ಜೋತು ಬಿದ್ದರೆ ಕಂಕುಳಲ್ಲಿ ಹಾದುಹೋಗುವ ನರ ಒತ್ತಿ ಕೈ ಜೋಮು ಹಿಡಿಯುತ್ತದೆ, ಮಣಿಕಟ್ಟು ಎತ್ತಲಾಗದಂತೆಯೂ ಆಗಬಹುದು.

ಲಕ್ವ ಹೊಡೆದವರು, ಮೊಣಕಾಲು ನೋವಿನವರು ಒಂದೇ ಕೋಲು ಹಿಡಿಯುವುದಾದರೆ ಅದು ಒಳ್ಳೆಯ ಕಾಲಿನ ಕಡೆಯ ಕೈಯಲ್ಲಿರಲಿ. ಮೆಟ್ಟಿಲು ಏರುವಾಗ ಒಳ್ಳೆಯ ಕಾಲು ಮೊದಲು, ಇಳಿಯುವಾಗ ಕೋಲು ಮತ್ತು ಬಲವಿಲ್ಲದ ಕಾಲು ಮೊದಲು. ಕೋಲಿನ ತುದಿಯ ರಬ್ಬರ್ ಬುಶ್ ಸವೆದರೆ ಕೂಡಲೇ ಬದಲಿಸಿ. ಬಚ್ಚಲಲ್ಲಿ ಜಾರಿ ಬಿದ್ದರೆ ಇನ್ನೊಂದು ಆಪರೇಷನ್ ಆದೀತು.

ಗಾಲಿಕುರ್ಚಿ: ಎಂಟು ಹಂತ

ವಿಶ್ವ ಆರೋಗ್ಯ ಸಂಸ್ಥೆ 2008ರಲ್ಲಿ ಗಾಲಿಕುರ್ಚಿ ಕೊಡುವ ಕ್ರಮದ ಬಗ್ಗೆ ಮಾರ್ಗಸೂಚಿ ಹೊರಡಿಸಿತು. ಅದರಲ್ಲಿ ಎಂಟು ಹಂತಗಳಿವೆ: ರೋಗಿಯನ್ನು ಸರಿಯಾದ ಕಡೆ ಕಳುಹಿಸುವುದು, ಪರೀಕ್ಷಿಸುವುದು, ಎಂಥ ಕುರ್ಚಿ ಬೇಕೆಂದು ಬರೆಯುವುದು, ಹಣ ಹೊಂದಿಸಿ ತರಿಸುವುದು, ಕುರ್ಚಿಯನ್ನು ಅಣಿಗೊಳಿಸುವುದು, ಕೂರಿಸಿ ಅಳತೆ ನೋಡುವುದು, ಬಳಸಲು ಕಲಿಸುವುದು, ಮುಂದೆ ರಿಪೇರಿ ಮತ್ತು ತಪಾಸಣೆ. ಶಿಬಿರದಲ್ಲಿ ಹೆಸರು ಕೂಗಿ, ಕುರ್ಚಿ ಕೊಟ್ಟು, ಫೋಟೋ ತೆಗೆದು ಕಳುಹಿಸಿದರೆ ಈ ಎಂಟರಲ್ಲಿ ಎಷ್ಟು ಆಯಿತು? ಉಳಿದದ್ದನ್ನು ಕೇಳಿ ಪಡೆಯುವುದು ನಿಮ್ಮ ಹಕ್ಕು.

ಕುರ್ಚಿಯಲ್ಲಿ ಕೂತಾಗ ಸೊಂಟದ ಎರಡೂ ಕಡೆ ಒಂದೊಂದು ಬೆರಳು ಹೋಗುವಷ್ಟೇ ಜಾಗ ಇರಲಿ. ಮೊಣಕಾಲಿನ ಹಿಂಭಾಗಕ್ಕೂ ಸೀಟಿನ ಅಂಚಿಗೂ ಎರಡು ಬೆರಳಿನ ಅಂತರ ಇರಲಿ. ಪಾದಗಳು ಕೆಳಗಿನ ಹಲಗೆಯ ಮೇಲೆ ಪೂರ್ತಿ ಊರಿರಲಿ. ಬೆನ್ನುಹುರಿಗೆ ಪೆಟ್ಟಾಗಿ ಸೊಂಟದ ಕೆಳಗೆ ಸ್ಪರ್ಶವಿಲ್ಲದವರಿಗೆ ಒಳ್ಳೆಯ ದಿಂಬು ಕುರ್ಚಿಯಷ್ಟೇ ಮುಖ್ಯ. ಅಂಥವರು ಪ್ರತಿ ಇಪ್ಪತ್ತು ಮೂವತ್ತು ನಿಮಿಷಕ್ಕೊಮ್ಮೆ ಕೈಯೂರಿ ಮೇಲೇಳಬೇಕು, ಇಲ್ಲವೇ ಮುಂದಕ್ಕೆ, ಪಕ್ಕಕ್ಕೆ ಬಾಗಬೇಕು. ಬೆಳಿಗ್ಗೆ ಸಂಜೆ ಕನ್ನಡಿ ಹಿಡಿದು ಕೆಳಭಾಗದ ಚರ್ಮ ನೋಡಿಕೊಳ್ಳಬೇಕು. ನೋವೇ ಗೊತ್ತಾಗದ ಕಾರಣ ಹಾಸಿಗೆ ಹುಣ್ಣು ಸದ್ದಿಲ್ಲದೆ ಆಳಕ್ಕೆ ಇಳಿಯುತ್ತದೆ. ಅದರ ನಂಜು ಜೀವವನ್ನೇ ತೆಗೆಯಬಹುದು.

ಕಾಗದಪತ್ರ, ಕಚೇರಿ

2016ರ ವಿಕಲಚೇತನರ ಹಕ್ಕುಗಳ ಕಾಯ್ದೆ 2017ರ ಏಪ್ರಿಲ್‌ನಿಂದ ಜಾರಿಯಲ್ಲಿದೆ. 1995ರ ಹಳೆಯ ಕಾಯ್ದೆಯಲ್ಲಿ ಏಳು ಬಗೆಯ ಅಂಗವೈಕಲ್ಯಗಳಿದ್ದವು, ಹೊಸದರಲ್ಲಿ 21 ಇವೆ. ಸರ್ಕಾರದ ಹೆಚ್ಚಿನ ಸೌಲಭ್ಯಗಳಿಗೆ ಶೇಕಡಾ 40 ಅಥವಾ ಅದಕ್ಕಿಂತ ಹೆಚ್ಚು ವೈಕಲ್ಯವಿದೆ ಎಂಬ ಪ್ರಮಾಣಪತ್ರ ಬೇಕು. ಈಗ ಇಡೀ ದೇಶಕ್ಕೆ ಒಂದೇ ಆದ ಯು.ಡಿ.ಐ.ಡಿ. ಗುರುತಿನ ಚೀಟಿ ಕೊಡುತ್ತಾರೆ. ಇದಕ್ಕೆ ಸ್ವಾವಲಂಬನ್ ಎಂಬ ಸರ್ಕಾರಿ ಜಾಲತಾಣದಲ್ಲಿ ಅರ್ಜಿ ಹಾಕಿ, ಸರ್ಕಾರಿ ಆಸ್ಪತ್ರೆಯಲ್ಲಿ ತಪಾಸಣೆ ಮಾಡಿಸಿಕೊಳ್ಳಬೇಕು. ನಮ್ಮದು ಧರ್ಮಾರ್ಥ ಆಸ್ಪತ್ರೆ, ಆ ಪ್ರಮಾಣಪತ್ರ ನಾವು ಕೊಡುವಂತಿಲ್ಲ. ಆದರೆ ನಮ್ಮ ಡಿಸ್ಚಾರ್ಜ್ ಕಾರ್ಡ್, ಎಕ್ಸ್‌ರೇ ಅಲ್ಲಿ ಕೆಲಸಕ್ಕೆ ಬರುತ್ತವೆ. ಅವನ್ನು ಜೋಪಾನವಾಗಿಡಿ.

1981ರಿಂದ ನಡೆದುಬಂದಿರುವ ಕೇಂದ್ರ ಸರ್ಕಾರದ ಎ.ಡಿ.ಐ.ಪಿ. ಯೋಜನೆಯಲ್ಲಿ ಕಡಿಮೆ ಆದಾಯದವರಿಗೆ ಸಾಧನಗಳನ್ನು ಉಚಿತವಾಗಿ ಕೊಡುತ್ತಾರೆ. ವೈಕಲ್ಯದ ಪ್ರಮಾಣಪತ್ರ, ಆದಾಯ ಪ್ರಮಾಣಪತ್ರ, ಆಧಾರ್, ಫೋಟೋ ಸಿದ್ಧವಿಟ್ಟುಕೊಳ್ಳಿ. ಒಮ್ಮೆ ಪಡೆದ ಸಾಧನವನ್ನೇ ಮತ್ತೆ ಪಡೆಯಲು ಮೂರು ವರ್ಷ ಕಾಯಬೇಕು. ಹನ್ನೆರಡು ವರ್ಷದೊಳಗಿನ ಮಕ್ಕಳು ಬೆಳೆಯುತ್ತಿರುವುದರಿಂದ ಅವರಿಗೆ ಒಂದು ವರ್ಷ ಸಾಕು. ಶಿಬಿರಗಳಲ್ಲಿ ಸಾಮಾನ್ಯವಾಗಿ ಒಂದು ದಿನ ಅಳತೆ, ಕೆಲವು ತಿಂಗಳ ನಂತರ ಹಂಚಿಕೆ. ಅಳತೆಯ ದಿನ ತಪ್ಪಿಸಿಕೊಂಡು ಹಂಚಿಕೆಯ ದಿನ ಹೋದರೆ ಬರಿಗೈಯಲ್ಲಿ ಬರಬೇಕಾಗುತ್ತದೆ.

ಇಷ್ಟೆಲ್ಲ ಓಡಾಟ ಯಾರಿಂದಾದೀತು ಎನ್ನಬೇಡಿ. ಕರ್ನಾಟಕದಲ್ಲಿ ಗ್ರಾಮ ಪಂಚಾಯಿತಿ ಮಟ್ಟದಲ್ಲಿ ವಿ.ಆರ್.ಡಬ್ಲ್ಯು. ಎಂಬ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರಿದ್ದಾರೆ, ತಾಲ್ಲೂಕಿನಲ್ಲಿ ಎಂ.ಆರ್.ಡಬ್ಲ್ಯು. ಎಂಬ ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತರಿದ್ದಾರೆ. ಅವರಲ್ಲಿ ಬಹಳ ಜನ ಸ್ವತಃ ಅಂಗವಿಕಲರೇ. ಅರ್ಜಿ ತುಂಬುವುದು, ಶಿಬಿರದ ದಿನಾಂಕ ತಿಳಿಸುವುದು, ಮಾಸಾಶನ, ಬಸ್ ಪಾಸಿನ ಮಾಹಿತಿ ಕೊಡುವುದು ಅವರ ಕೆಲಸ. ಊರಿಗೆ ಹೋದ ಮೊದಲ ವಾರದಲ್ಲೇ ಪಂಚಾಯಿತಿಗೆ ಹೋಗಿ ಅವರ ಹೆಸರು ಕೇಳಿ. ಪಂಚಾಯಿತಿಯ ಅನುದಾನದಲ್ಲಿ ಶೇಕಡಾ 5ರಷ್ಟು ಅಂಗವಿಕಲರಿಗೆ ಮೀಸಲು. ಗ್ರಾಮಸಭೆಯಲ್ಲಿ ಎದ್ದು ನಿಂತು ಕೇಳುವವರಿದ್ದರೆ ಆ ಹಣ ಸರಿಯಾದ ಕಡೆ ಹೋಗುತ್ತದೆ.

ಹೆಣ್ಣುಮಗಳಿಗೇಕೆ ಕಾಲು?

ಕಹಿಯಾದರೂ ಒಂದು ಮಾತು ಹೇಳಲೇಬೇಕು. ಮನೆಯ ಗಂಡಸು ಕಾಲು ಕಳೆದುಕೊಂಡರೆ ಸಾಲ ಮಾಡಿಯಾದರೂ ಕಾಲು ಹಾಕಿಸುತ್ತಾರೆ. ಅದೇ ಹೆಣ್ಣುಮಗಳಾದರೆ, "ಆಕಿ ಮನ್ಯಾಗ ಇರಾಕಿ, ಆಕಿಗ್ಯಾಕ ಬೇಕ್ರಿ?" ಎಂಬ ಮಾತು ಬರುತ್ತದೆ. ವಯಸ್ಸಾದವರ ವಿಷಯದಲ್ಲೂ ಹೀಗೆಯೇ. ಸ್ವಲ್ಪ ಯೋಚಿಸಿ ನೋಡಿ. ನೀರು ತರುವವರು ಯಾರು, ಒಲೆಯ ಮುಂದೆ ನಿಲ್ಲುವವರು ಯಾರು, ಮಗುವನ್ನು ಎತ್ತಿಕೊಳ್ಳುವವರು ಯಾರು? ರಾತ್ರಿ ಶೌಚಕ್ಕೆ ಹೋಗಲು ಇನ್ನೊಬ್ಬರನ್ನು ಎಬ್ಬಿಸಬೇಕಲ್ಲ ಎಂದು ಸಂಜೆಯಿಂದ ನೀರು ಕುಡಿಯದೇ ಇರುವ ಹೆಣ್ಣುಮಕ್ಕಳಿದ್ದಾರೆ. ಅದರಿಂದ ಮೂತ್ರದ ಸೋಂಕು ಬೇರೆ. ಅವರಿಗೆ ಒಂದು ಕಮೋಡ್ ಕುರ್ಚಿ, ಬಚ್ಚಲ ಗೋಡೆಗೆ ಒಂದು ಹಿಡಿಕೆ, ಹೊಸ್ತಿಲಿಗೆ ಒಂದು ಇಳಿಜಾರು ಮಾಡಿಕೊಟ್ಟರೆ ಅರ್ಧ ಸ್ವಾತಂತ್ರ್ಯ ಕೊಟ್ಟಂತೆ. ಅಳತೆ ತೆಗೆಯುವಾಗ ಜೊತೆಗೆ ಹೆಣ್ಣುಮಕ್ಕಳು ಇರಲಿ ಎಂದು ಕೇಳಲು ಸಂಕೋಚಪಡಬೇಡಿ. ದುಡಿಯುವುದಕ್ಕೆ ಮಾತ್ರ ಕಾಲು ಎಂದು ತಿಳಿಯಬೇಡಿ. ಮಾನದಿಂದ ಬದುಕುವುದಕ್ಕೂ ಕಾಲು ಬೇಕು.

ಅಟ್ಟ ಸೇರಿದ ಸಾಧನ

ಎಷ್ಟೋ ಮನೆಗಳ ಅಟ್ಟದ ಮೇಲೆ ಕೃತಕ ಕಾಲು, ಹಿತ್ತಲಲ್ಲಿ ತುಕ್ಕು ಹಿಡಿದ ತ್ರಿಚಕ್ರ ವಾಹನ ಬಿದ್ದಿರುತ್ತವೆ. ಕೇಳಿದರೆ, "ಚುಚ್ಚತಿತ್ರಿ, ಬಿಟ್ಟೆ" ಎನ್ನುತ್ತಾರೆ. ಚುಚ್ಚಿದರೆ ಬಿಡುವುದಲ್ಲ, ಸರಿಪಡಿಸಿಕೊಳ್ಳುವುದು. ಕಾಲು ಸಣ್ಣಗಾದಂತೆ ಬಟ್ಟಲು ಸಡಿಲವಾಗುತ್ತದೆ, ಮೈ ತೂಕ ಹೆಚ್ಚಾದರೆ ಬಿಗಿಯಾಗುತ್ತದೆ. ಎರಡಕ್ಕೂ ದಾರಿಯಿದೆ. ಹೊಲದಲ್ಲಿ ದುಡಿಯುವವರ ರಬ್ಬರ್ ಪಾದ ಕೆಲವು ವರ್ಷಗಳಲ್ಲಿ ಸವೆಯುತ್ತದೆ, ಆಗ ಬದಲಿಸಬೇಕು. ತ್ರಿಚಕ್ರ ವಾಹನದ ಪಂಕ್ಚರ್, ಚೈನು, ಬೇರಿಂಗ್ ಕೆಲಸವನ್ನು ನಿಮ್ಮೂರಿನ ಸೈಕಲ್ ಅಂಗಡಿಯವರೇ ಮಾಡಬಲ್ಲರು. ಆದರೆ ಕೃತಕ ಕಾಲಿನ ಬಟ್ಟಲನ್ನು ಮಾತ್ರ ಬ್ಲೇಡಿನಿಂದ ಕೆರೆಯುವುದು, ಕಾಯಿಸಿ ಬಗ್ಗಿಸುವುದು ಮಾಡಬೇಡಿ. ಅದು ಕೂಡಿಸಿದವರ ಕೆಲಸ.

ಡಿಸ್ಚಾರ್ಜ್ ದಿನ ಕೇಳಬೇಕಾದ ಆರು ಪ್ರಶ್ನೆಗಳು

ಬಿಲ್ಲು, ಗುಳಿಗೆ ಚೀಟಿಯ ಗಡಿಬಿಡಿಯಲ್ಲಿ ಇವು ಮರೆತು ಹೋಗುತ್ತವೆ. ಈ ಪುಟವನ್ನು ಕೈಯಲ್ಲಿ ಹಿಡಿದೇ ಕೇಳಿ.

1. ಇವರು ಹೇಗೆ ಮಲಗಬೇಕು, ಹೇಗೆ ಕೂರಬೇಕು? ಯಾವ ವ್ಯಾಯಾಮ, ದಿನಕ್ಕೆ ಎಷ್ಟು ಸಲ?

2. ಬ್ಯಾಂಡೇಜ್ ಕಟ್ಟುವುದನ್ನು ನಾನು ಮಾಡಿ ತೋರಿಸಲೇ?

3. ಇವರಿಗೆ ಯಾವ ಸಾಧನ ಬೇಕು? ಅದನ್ನು ಡಿಸ್ಚಾರ್ಜ್ ಕಾರ್ಡಿನಲ್ಲಿ ಬರೆದುಕೊಡುತ್ತೀರಾ?

4. ಯಾವ ವಾರದಲ್ಲಿ, ಯಾವ ಕೇಂದ್ರಕ್ಕೆ ಅಳತೆಗೆ ಹೋಗಬೇಕು?

5. ಪ್ರಮಾಣಪತ್ರಕ್ಕೆ ಯಾವ ಯಾವ ಕಾಗದ ಬೇಕು?

6. ಯಾವ ಲಕ್ಷಣ ಕಂಡರೆ ದಿನ ಕಾಯದೆ ಓಡಿ ಬರಬೇಕು?

ಕೊನೆಯ ಪ್ರಶ್ನೆಗೆ ಉತ್ತರವನ್ನು ಈಗಲೇ ಹೇಳಿಬಿಡುತ್ತೇನೆ. ಗಾಯ ಬಾಯಿಬಿಟ್ಟರೆ, ಕೀವು ಅಥವಾ ವಾಸನೆ ಬಂದರೆ, ಜ್ವರ ಬಂದರೆ, ತುದಿ ಕಪ್ಪಾದರೆ, ಇನ್ನೊಂದು ಪಾದದಲ್ಲಿ ಸಣ್ಣ ಗಾಯವಾದರೂ ತಡ ಮಾಡದೆ ಬನ್ನಿ.

ಈ ಪ್ರಶ್ನೆಗಳನ್ನು ಕೇಳಿದರೆ ಡಾಕ್ಟರು, ಸಿಸ್ಟರು ಬೇಸರ ಮಾಡಿಕೊಳ್ಳುತ್ತಾರೆಂಬ ಅಂಜಿಕೆ ಬೇಡ. ರೋಗಿ ಮಲಗಿದ್ದಾಗ ನಾವು ನೋಡಿಕೊಂಡೆವು. ಅವರನ್ನು ಎಬ್ಬಿಸಿ ನಿಲ್ಲಿಸುವ ಕೆಲಸದಲ್ಲಿ ನೀವೂ ನಮ್ಮ ಜೊತೆಗಾರರು. ಆ ಕೆಲಸ ಕಾಲು ಸಿಕ್ಕ ದಿನ ಶುರುವಾಗುವುದಲ್ಲ. ಇವತ್ತು ಸಂಜೆ ನೀವು ವಾರ್ಡಿಗೆ ಹೋಗಿ ಮೊಣಕಾಲಿನ ಕೆಳಗಿನ ದಿಂಬನ್ನು ತೆಗೆದರೆ, ಅಲ್ಲಿಂದಲೇ ಶುರು.